ಎಕ್ಸ್‌ಚೇಂಜಿನ ಹುಡುಗಿಯ ಸೆಕೆಂಡ್ ಹಾಫ್

ಆ ಭಾನುವಾರ ಬೆಳಿಗ್ಗೆ ಥಿಯೇಟರಿನಲ್ಲಿ ದೀಪ ಹತ್ತಿದಾಗ ನನ್ನ ಪಕ್ಕದ ಸೀಟಿನಲ್ಲಿದ್ದ ಹೆಂಗಸು ಎದ್ದು ನಿಂತು ಎರಡೂ ಕೈಗಳನ್ನು ಹೆಗಲಿನ ಮಟ್ಟಕ್ಕೆ ಎತ್ತಿದರು. ಅಂಗೈಗಳು ಮುಂದಕ್ಕೆ ಕಾಣುತ್ತಿದ್ದವು. ಆಮೇಲೆ ಯಾರ ಮುಖವನ್ನೂ ನೋಡದೆ ಸೀಟುಗಳ ನಡುವಿನ ದಾರಿಯಲ್ಲಿ ಬಾಗಿಲಿನ ಕಡೆಗೆ ನಡೆಯತೊಡಗಿದರು. ಅವಸರವಿರಲಿಲ್ಲ. ಮುಂದೆ ಇನ್ನೊಬ್ಬರು ನಡೆಯುತ್ತಿದ್ದಾರೆ, ಅವರ ಹಿಂದೆ ಅಂತರ ಕಾಯ್ದುಕೊಂಡು ತಾವು ನಡೆಯಬೇಕು ಎನ್ನುವ ಹಾಗೆ ಹೆಜ್ಜೆ ಇಡುತ್ತಿದ್ದರು. ಅವರ ಮುಂದೆ ಯಾರೂ ಇರಲಿಲ್ಲ.

ಇದನ್ನು ಬರೆಯಲು ನಾನು ಬಹಳ ಕಾಲ ಹಿಂಜರಿದೆ. ನೋಡಿದ್ದಕ್ಕಿಂತ ಹೆಚ್ಚು ಬರೆದುಬಿಡುತ್ತೇನೇನೋ ಎಂಬ ಅಳುಕು. ಆ ಕೈಗಳು ಮೇಲೇಳುವುದನ್ನು ನೆನೆದರೆ ಈಗಲೂ ನನಗೆ ಕೈಯಲ್ಲಿರುವುದನ್ನು ಕೆಳಗಿಡಬೇಕು ಅನ್ನಿಸುತ್ತದೆ. ಹಾಗಾಗಿ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಮೊದಲಿನಿಂದ ಬರೆಯುತ್ತೇನೆ.

ಆಗ ನಾವು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿದ್ದೆವು. ನನ್ನದು ಫೋನುಗಳನ್ನು ಪರೀಕ್ಷಿಸುವ ಕೆಲಸ. ಒಂದು ತುದಿಯಲ್ಲಿ ಆಡಿದ ಮಾತು ಇನ್ನೊಂದು ತುದಿಯಲ್ಲಿ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ, ಎಲ್ಲಿ ಒಡೆಯುತ್ತದೆ, ಮೌನ ಮೌನದ ಹಾಗೇ ಕೇಳುತ್ತದೆಯೋ ಇಲ್ಲವೋ ಎಂದು ಇಡೀ ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವುದು. ಮಗಳಿಗೆ ಒಂದೂವರೆ ವರ್ಷವಾದಾಗ ನಾನು ಮತ್ತೆ ಆಫೀಸಿಗೆ ಹೋಗಬೇಕಾಯಿತು. ಕೆಳಗಿನ ಮನೆಯ ಹೆಂಗಸು ಮಕ್ಕಳನ್ನು ನೋಡಿಕೊಳ್ಳುತ್ತಾರೆಂದು ಅದೇ ಕಾಂಪ್ಲೆಕ್ಸಿನ ಇನ್ನೊಂದು ಕನ್ನಡದ ಮನೆಯವರು ಹೇಳಿದರು.

ಅವರು ಮಧ್ಯ ಅಮೆರಿಕದ ಒಂದು ಸಣ್ಣ ದೇಶದವರು. ದೇಶದ ಹೆಸರು ಬರೆಯಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಆಗಲೇ ಅವರಿಗೆ ಅರವತ್ತು ಹತ್ತಿರವಿತ್ತು. ಮಕ್ಕಳೆಲ್ಲ ಅವರನ್ನು ಅಬುವೆಲಾ ಎನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ ಅಜ್ಜಿ ಎಂದು ಅರ್ಥ. ನಾವೂ ಹಾಗೇ ಕರೆಯತೊಡಗಿದೆವು. ಅವರ ಮನೆಯಲ್ಲಿ ಬೆಳೆದ ನಮ್ಮ ಮಕ್ಕಳನ್ನು ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಸಿಟ್ಟು ಬಂದರೆ ಸ್ಪ್ಯಾನಿಷಿನಲ್ಲಿ ಜಗಳ. ಅವರು ಮಕ್ಕಳಿಂದ ಕೆಲವು ಕನ್ನಡ ಮಾತುಗಳನ್ನು ಎತ್ತಿಕೊಂಡಿದ್ದರು: ಬಾ, ಸಾಕಾ, ಚಪ್ಪಲಿ, ಬಿಸಿ ಬಿಸಿ. ಉಳಿದಂತೆ ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ಅವಳು ಆಟಿಕೆಯ ಫೋನು ಹಿಡಿದು ಸೋಫಾದ ಮೇಲೆ ಕೂತಿದ್ದಳು. ಅಬುವೆಲಾ ಅವಳ ಬೆನ್ನನ್ನು ಎರಡು ಬೆರಳುಗಳಿಂದ ನೇರ ಮಾಡುತ್ತ, "ಹೀಗೆ ಕೂರಬೇಕು. ಕೇಳಿಸಿಕೊಳ್ಳುತ್ತಿದ್ದೀಯ ಅಂತ ಮುಖದಲ್ಲಿ ಕಾಣಬಾರದು. ಉಗುರು ನೋಡಿಕೋ" ಎನ್ನುತ್ತಿದ್ದರು.

ಫೋನಿನ ಕೆಲಸದವಳಾದ ನನಗೆ ಕುತೂಹಲವಾಯಿತು. "ನೀವು ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದಿರಾ?" ಎಂದೆ.

"ಇಲ್ಲ," ಎಂದರು. "ಮಾಡಿದ ಹಾಗೆ ನಟಿಸಿದ್ದೆ."

ಆ ಸಂಜೆ ಅಷ್ಟೇ. ಉಳಿದದ್ದು ಎರಡು ಮೂರು ವರ್ಷಗಳಲ್ಲಿ, ಚಪ್ಪಲಿ ಹಾಕಿಸುವಾಗ, ಬಾಗಿಲಲ್ಲಿ ನಿಂತಾಗ, ತುಣುಕು ತುಣುಕಾಗಿ ಬಂತು. ನಾನು ಜೋಡಿಸಿಕೊಂಡದ್ದು ಹೀಗೆ.

ಅವರ ದೇಶದಲ್ಲಿ ಆಗ ಸಿನಿಮಾ ಥಿಯೇಟರುಗಳಿದ್ದವು, ಸಿನಿಮಾ ಇರಲಿಲ್ಲ. ಮೆಕ್ಸಿಕೋದಿಂದ, ಹಾಲಿವುಡ್ಡಿನಿಂದ ಬಂದದ್ದನ್ನು ಜನ ನೋಡುತ್ತಿದ್ದರು. ಅಬುವೆಲಾರ ಅಣ್ಣ ಮೆಕ್ಸಿಕೋದಲ್ಲಿ ಸ್ವಲ್ಪ ಕಾಲ ಕ್ಯಾಮೆರಾ ಕೆಲಸ ಕಲಿತು ಬಂದು, ತನ್ನದೇ ಊರಿನಲ್ಲಿ, ತನ್ನದೇ ಜನರನ್ನು ಹಾಕಿಕೊಂಡು ಒಂದು ಚಿತ್ರ ತೆಗೆದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಂಜೆ ಪಾಳಿಯ ಹುಡುಗಿಯೊಬ್ಬಳು ಇಬ್ಬರು ಸೇನಾಧಿಕಾರಿಗಳ ಮಾತನ್ನು ಆಕಸ್ಮಿಕವಾಗಿ ಕೇಳಿಸಿಕೊಳ್ಳುತ್ತಾಳೆ. ಮಾರನೆಯ ದಿನ ಒಬ್ಬ ನ್ಯಾಯಾಧೀಶರನ್ನು ಕೋರ್ಟಿಗೆ ಹೋಗುವ ದಾರಿಯಲ್ಲಿ ಮುಗಿಸುವ ಮಾತು ಅದು. ನ್ಯಾಯಾಧೀಶರ ನಂಬರು ಅವಳಿಗೆ ಗೊತ್ತು. ಎದುರಿನ ಬೋರ್ಡಿಗೆ ಒಂದು ಪ್ಲಗ್ ಚುಚ್ಚಿದರೆ ಅವರ ಮನೆಯ ಫೋನು ಬಡಿದುಕೊಳ್ಳುತ್ತದೆ. ಆದರೆ ಆ ಪಾಳಿಯಲ್ಲಿ ಇರುವವಳು ಅವಳೊಬ್ಬಳೇ. ಕರೆ ಹೋದರೆ ಯಾರಿಂದ ಹೋಯಿತೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಡೀ ಚಿತ್ರ ನಿಂತಿರುವುದು ಅವಳು ಪ್ಲಗ್ ಹಾಕುತ್ತಾಳೋ ಇಲ್ಲವೋ ಎನ್ನುವುದರ ಮೇಲೆ. ಹುಡುಗಿಯ ಪಾತ್ರಕ್ಕೆ ಅಣ್ಣನಿಗೆ ಯಾರೂ ಸಿಗಲಿಲ್ಲ. ಕೇಳಿದವರ ಮನೆಯವರೆಲ್ಲ ಹೆದರಿದರು. ಕೊನೆಗೆ ತಂಗಿಯನ್ನೇ ಕೂರಿಸಿದ.

ನಟರನ್ನು ಯಾರಾದರೂ ಹಿಡಿದು ಕೇಳಿದರೆ ಹೇಳಲು ಏನೂ ಇರಬಾರದೆಂದು ಅಣ್ಣ ಪೂರ್ತಿ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ಅವರವರ ಪಾಲಿನದು ಅವರವರಿಗೆ. ಕೊನೆಯ ದೃಶ್ಯವನ್ನು ತಂಗಿಯಿಂದ ಎರಡು ಬಗೆಯಲ್ಲಿ ಮಾಡಿಸಿದ್ದ. ಒಂದರಲ್ಲಿ ಅವಳು ಪ್ಲಗ್ ಹಾಕುತ್ತಾಳೆ. ಇನ್ನೊಂದರಲ್ಲಿ ಕೈಯಲ್ಲಿದ್ದ ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟು, ಹೆಡ್‌ಫೋನ್ ತೆಗೆದು, ಕೋಟು ಹಾಕಿಕೊಂಡು ಮನೆಗೆ ಹೋಗುತ್ತಾಳೆ. ಯಾವುದನ್ನು ಇಟ್ಟುಕೊಳ್ಳುತ್ತೀ ಎಂದು ಕೇಳಿದರೆ, ಥಿಯೇಟರಿನಲ್ಲಿ ನೋಡು ಎಂದನಂತೆ.

ಮೊದಲ ಪ್ರದರ್ಶನಕ್ಕೆ ಊರಿಗೆ ಊರೇ ಬಂದಿತ್ತು. ತೆರೆಯ ಮೇಲೆ ತಮ್ಮ ಬಸ್ ನಿಲ್ದಾಣ ಕಂಡಾಗ ಜನ ಕೂಗಿದರಂತೆ. ಬಸ್ಸಿನ ಕಂಡಕ್ಟರ್ ಒಬ್ಬ ಪ್ರಯಾಣಿಕನನ್ನು ಬೈಯುವ ಮೊದಲ ಮಾತಿಗೇ ಇಡೀ ಥಿಯೇಟರು ನಕ್ಕಿತಂತೆ. ಅದು ತಮಾಷೆಯ ಮಾತಲ್ಲ. ತಾವು ಮನೆಯಲ್ಲಿ, ಸಂತೆಯಲ್ಲಿ ಆಡುವ ಸ್ಪ್ಯಾನಿಷು ತೆರೆಯಿಂದ ಕೇಳಿಬಂದದ್ದು ಅದೇ ಮೊದಲು. "ನಾಚಿಕೆಗೆ ನಕ್ಕೆವು," ಎಂದರು ಅಬುವೆಲಾ. "ಆಮೇಲೆ ನಾಚಿಕೆ ಹೋಯಿತು." ತುಮಕೂರಿನ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಕೇಳಿದ ಮೊದಲ ಸಲ ನಾನೂ ಹಾಗೇ ತಲೆ ತಗ್ಗಿಸಿ ನಕ್ಕಿದ್ದೆ.

ಅರ್ಧ ಚಿತ್ರವಾಗುವಷ್ಟರಲ್ಲಿ ದೀಪಗಳು ಹತ್ತಿದವು. ಬಾಗಿಲುಗಳಲ್ಲಿ ಸೈನಿಕರು ನಿಂತಿದ್ದರು. ಎಲ್ಲರೂ ಕೈ ಕಾಣಿಸುವಂತೆ ಇಟ್ಟುಕೊಂಡು ಒಬ್ಬೊಬ್ಬರಾಗಿ ಹೊರಗೆ ಬರಬೇಕೆಂದು ಹೇಳಿದರು. ಅಬುವೆಲಾ ಹಾಗೇ ಹೊರಗೆ ಬಂದರು. ಮುಂದೆ ನಡೆಯುತ್ತಿದ್ದದ್ದು ಅಣ್ಣ. ಬಾಗಿಲಲ್ಲಿ ಅವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು, ತಂಗಿಯನ್ನು ಬಿಟ್ಟರು.

ಅಣ್ಣ ಕೆಲವು ತಿಂಗಳ ಮೇಲೆ ಮನೆಗೆ ಬಂದ. ಅಷ್ಟರಲ್ಲಿ ತಂಗಿಯನ್ನು ಮನೆಯವರು ಲಾಸ್ ಏಂಜಲೀಸಿಗೆ ಸಾಗಿಸಿದ್ದರು. ಅವನು ಮತ್ತೆ ಸಿನಿಮಾ ಮಾಡಲಿಲ್ಲ, ಶಾಲೆಯಲ್ಲಿ ಪಾಠ ಹೇಳಿದ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು, ಆದರೆ ಯಾರು ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಚಿತ್ರದ ಸುದ್ದಿ ಎತ್ತಲಿಲ್ಲ. ಒಂದು ದಿನ ಅವನು ತೀರಿಕೊಂಡ ಸುದ್ದಿಯೂ ಫೋನಿನಲ್ಲೇ ಬಂತು.

"ಅವನು ಯಾವುದನ್ನು ಇಟ್ಟುಕೊಂಡ ಅಂತ ನಾನು ಕೇಳಲೇ ಇಲ್ಲ," ಎಂದರು ಅಬುವೆಲಾ, ನನ್ನ ಮಗಳ ಶೂ ಲೇಸ್ ಕಟ್ಟುತ್ತ. "ಕಂಡವರೆಲ್ಲ ನನ್ನನ್ನು ಕೇಳಿದ್ದಾರೆ, ಆ ಹುಡುಗಿ ಹೇಳಿದಳಾ, ಸುಮ್ಮನಿದ್ದಳಾ ಅಂತ. ನನಗೆ ಗೊತ್ತಿಲ್ಲ. ಅವನು ನನ್ನನ್ನು ಏನೆಂದುಕೊಂಡಿದ್ದ ಅಂತ ನನಗೆ ಗೊತ್ತಿಲ್ಲ."

ಹೀಗೆ ಅರ್ಧಕ್ಕೆ ನಿಂತ ಚಿತ್ರವೇ ಆ ದೇಶದ ಸಿನಿಮಾದ ಮೊದಲು ಎಂಬುದು ನನಗೆ ಇಂದಿಗೂ ಬೆರಗು. ಅಂದು ಥಿಯೇಟರಿನಲ್ಲಿದ್ದವರು ಮನೆಗೆ ಹೋಗಿ ನೋಡಿದ ಅರ್ಧವನ್ನು ಹೇಳಿದರು. ನೋಡದ ಅರ್ಧವನ್ನು ಒಬ್ಬೊಬ್ಬರು ಒಂದೊಂದು ಥರ ಕಟ್ಟಿದರು. ಒಂದು ಮನೆಯಲ್ಲಿ ಹುಡುಗಿ ಪ್ಲಗ್ ಹಾಕಿ ಗಡಿ ದಾಟುತ್ತಿದ್ದಳು, ಇನ್ನೊಂದು ಮನೆಯಲ್ಲಿ ಅವಳೇ ನ್ಯಾಯಾಧೀಶರ ಮನೆಗೆ ಓಡುತ್ತಿದ್ದಳು. ಈ ಕಥೆಗಳನ್ನು ಕೇಳಿ ಬೆಳೆದ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ, ಕಾಲ ಸ್ವಲ್ಪ ತಿಳಿಯಾದ ಮೇಲೆ, ಕ್ಯಾಮೆರಾ ಹಿಡಿದರು. ಅವರಲ್ಲಿ ಅಣ್ಣನ ಮಗಳೂ ಒಬ್ಬಳು. ದೇಶದಲ್ಲಿ ಲ್ಯಾಬ್ ಇರಲಿಲ್ಲವಾದ್ದರಿಂದ ಅಣ್ಣ ಫಿಲ್ಮನ್ನು ತೊಳೆಸಿದ್ದು ಮೆಕ್ಸಿಕೋದಲ್ಲಿ. ಸೈನಿಕರು ಹೊತ್ತೊಯ್ದದ್ದು ಪ್ರತಿಯನ್ನು ಮಾತ್ರ. ನೆಗೆಟಿವ್ ಆ ಲ್ಯಾಬಿನಲ್ಲೇ ಉಳಿದಿತ್ತು. ಮಗಳು ಅದನ್ನು ಹುಡುಕಿ ಹೊರತೆಗೆದಳು.

ಅವಳು ಅತ್ತೆಗೆ ಒಂದು ಡಿಸ್ಕ್ ಕಳಿಸಿದಳು. ಅದು ಅಬುವೆಲಾರ ಟಿ.ವಿ. ಪಕ್ಕದಲ್ಲಿ ಕವರಿನೊಳಗೇ ಬಹಳ ದಿನ ಇತ್ತು. ಒಬ್ಬಳೇ ಕೂತು ನೋಡಲಾರೆ ಎಂದರು. ಲಾಸ್ ಏಂಜಲೀಸಿನಲ್ಲಿ ಅವರ ದೇಶದವರು ಸೇರಿ ಪ್ರದರ್ಶನ ಇಟ್ಟುಕೊಂಡಾಗಲೂ ಹೋಗಲಿಲ್ಲ.

"ಅಲ್ಲಿ ಎರಡೂ ಕಡೆಯವರು ಇರುತ್ತಾರೆ," ಎಂದರು. "ಕೈ ಎತ್ತಿ ನಡೆದವರೂ ಇರುತ್ತಾರೆ, ಬಾಗಿಲಲ್ಲಿ ನಿಂತಿದ್ದವರೂ ಇರುತ್ತಾರೆ. ಎಲ್ಲರೂ ಈಗ ಮುದುಕರು. ಕತ್ತಲಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನನಗೆ ಹೇಗೆ ತಿಳಿಯಬೇಕು?"

ಆಮೇಲೆ ಕೇಳಿದರು: "ಭಾನುವಾರ ಬೆಳಿಗ್ಗೆ ನೀವೆಲ್ಲ ಫ್ಲಾಸ್ಕ್ ಹಿಡಿದುಕೊಂಡು ಸಿನಿಮಾಗೆ ಹೋಗುತ್ತೀರಲ್ಲ, ಅಲ್ಲಿ ಇದನ್ನು ಹಾಕುತ್ತೀರಾ? ನಿಮ್ಮವರ ಮಧ್ಯೆ ಆದರೆ ಕೂರಬಲ್ಲೆ."

ನಮ್ಮ ಕನ್ನಡದವರು ಆಗಾಗ ಒಂದು ಥಿಯೇಟರಿನ ಸಣ್ಣ ಹಾಲನ್ನು ಬೆಳಗಿನ ಹೊತ್ತಿಗೆ ಬಾಡಿಗೆಗೆ ಹಿಡಿದು ಕನ್ನಡ ಚಿತ್ರ ಹಾಕುವುದಿತ್ತು. ಎಲ್ಲ ನೋಡಿಕೊಳ್ಳುತ್ತಿದ್ದವರು ಹುಬ್ಬಳ್ಳಿ ಕಡೆಯ ಒಬ್ಬ ಅಂಕಲ್. ಹಗಲು ಕಂಪನಿಯಲ್ಲಿ ಸಾಫ್ಟ್‌ವೇರು, ಮನಸ್ಸೆಲ್ಲ ಥಿಯೇಟರಿನಲ್ಲಿ. ಅವರಿಗೆ ಹೇಳಿದೆ.

"ಏನ್ ಮಾತಾಡ್ತೀಯವಾ ನೀ?" ಎಂದರು. "ಬ್ಯಾರೆ ದೇಶದ ಪಿಚ್ಚರ್ರ? ಹಾಡು ಎಷ್ಟ ಅದಾವು?"

"ಹಾಡಿಲ್ಲ ಅಂಕಲ್."

"ಫೈಟು?"

"ಒಂದೂ ಇಲ್ಲ. ಬ್ಲ್ಯಾಕ್ ಆ್ಯಂಡ್ ವೈಟು."

"ಹಂಗಾರ ಏನೈತಿ ಅದರಾಗ, ಮಂದಿ ನೋಡಾಕ?"

"ಅಬುವೆಲಾ ಇದಾರೆ."

ಅಂಕಲ್‌ರ ಮೊಮ್ಮಗಳು ಅಬುವೆಲಾರ ಮಡಿಲಲ್ಲೇ ಅನ್ನ ತಿನ್ನಲು ಕಲಿತವಳು. ಅವರು ನನ್ನನ್ನು ನೋಡಿ, "ಅದನ್ನ ಮೊದಲ ಹೇಳಬಾರದೇನು?" ಎಂದರು.

ಕನ್ನಡದ ಮನೆಗಳೆಲ್ಲ ಬಂದವು. ಯಾರ ಮಗು ಅವರ ಕೈಯಲ್ಲಿ ಬೆಳೆದಿರಲಿಲ್ಲ? ರೇಷ್ಮೆ ಸೀರೆ ಉಟ್ಟು ಬಂದ ಹೆಂಗಸರೂ ಇದ್ದರು. ಅಬುವೆಲಾ ಕಡುನೀಲಿ ಬಣ್ಣದ ಉಡುಪು ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ಕತ್ತಲಾಗುವ ಮುಂಚೆ ಸುತ್ತ ತಿರುಗಿ ಪ್ರತಿಯೊಂದು ಮುಖವನ್ನೂ ನೋಡಿ, "ಎಲ್ಲರೂ ಗೊತ್ತಿರುವವರು," ಎಂದರು.

ಚಿತ್ರ ಶುರುವಾಯಿತು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ಲುಗಳು. ನಾನು ಸಿನಿಮಾ ಬಲ್ಲವಳಲ್ಲ, ಶಬ್ದ ಬಲ್ಲೆ. ಆ ಚಿತ್ರದಲ್ಲಿ ಗುಂಡಿನ ಸದ್ದೇ ಇಲ್ಲ. ಹೆದರಿಸುವುದೆಲ್ಲ ಸಣ್ಣ ಸದ್ದುಗಳು: ಪ್ಲಗ್ ಚುಚ್ಚುವ ಟಕ್, ತಂತಿಯ ಆ ತುದಿಯಲ್ಲಿ ಯಾರೋ ಸಿಗರೇಟು ಎಳೆಯುವ ಉಸಿರು, ಇಬ್ಬರು ಅಧಿಕಾರಿಗಳು ಒಬ್ಬನ ಸಾವಿನ ಹೊತ್ತು ಗೊತ್ತುಮಾಡಿ ಆಮೇಲೆ ಮಕ್ಕಳ ಆರೋಗ್ಯ ವಿಚಾರಿಸುವ ಮಾತು. ಮಾತಿನ ಮಧ್ಯೆ ತಂತಿ ಸುಮ್ಮನಾದಾಗ ಆ ಮೌನವನ್ನೂ ಅಣ್ಣ ಹಾಗೇ ಇಟ್ಟಿದ್ದಾನೆ, ಸಂಗೀತದಿಂದ ತುಂಬಿಲ್ಲ. ಅಷ್ಟು ಕಡಿಮೆ ಸಾಧನಗಳಲ್ಲಿ, ಮೊದಲ ಪ್ರಯತ್ನದಲ್ಲೇ, ಮೌನವನ್ನು ನಂಬಿದ ಆ ಧೈರ್ಯಕ್ಕೆ ನಾನು ಸೀಟಿನಲ್ಲೇ ತಲೆಬಾಗಿದೆ. ತೆರೆಯ ಮೇಲೆ ಹತ್ತೊಂಬತ್ತರ ಹುಡುಗಿ ಬೆನ್ನು ನೇರ ಮಾಡಿಕೊಂಡು ಉಗುರು ನೋಡಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಮುಖದಲ್ಲಿ ಕಾಣುತ್ತಿರಲಿಲ್ಲ. ಆದರೂ ನಮಗೆ ಗೊತ್ತಾಗುತ್ತಿತ್ತು.

ಒಂದು ಹಂತದಲ್ಲಿ ಅಬುವೆಲಾ ನನ್ನ ಕಿವಿಯ ಹತ್ತಿರ, "ಇಲ್ಲಿಯವರೆಗೆ ನೋಡಿದ್ದೆ," ಎಂದರು. ಹುಡುಗಿ ತನ್ನ ಮೇಲಧಿಕಾರಿಯ ಬಾಗಿಲು ತಟ್ಟುವ ದೃಶ್ಯ ಅದು. ಮುಂದಿನದು ಅವರಿಗೆ ಹೊಸದು. ಅವರ ಕೈ ನನ್ನ ಮುಂಗೈ ಹಿಡಿಯಿತು. ಸೈನಿಕರು ನಿಲ್ಲಿಸಿದ ಜಾಗದಲ್ಲೇ ನಮ್ಮಲ್ಲೂ ನಿಂತಿತು ಎಂದು ಬರೆದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತೇನೋ. ಹಾಗಲ್ಲ. ಅದನ್ನು ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು. ಬಾಗಿಲು ತೆರೆದ ಮೇಲಧಿಕಾರಿಯ ಕೋಣೆಯಲ್ಲಿ, ಫೋನಿನಲ್ಲಿ ಮಾತಾಡಿದ್ದ ಅಧಿಕಾರಿಯೇ ಕೂತಿದ್ದ. ಅವನು ತಲೆಯೆತ್ತಿ ಹುಡುಗಿಯನ್ನು ನೋಡಿದ.

ದೀಪಗಳು ಹತ್ತಿದವು.

ಇದನ್ನು ಇಲ್ಲಿ ವಿವರಿಸಬೇಕು. ಅಮೆರಿಕದಲ್ಲಿ ಸಿನಿಮಾ ಮಧ್ಯದಲ್ಲಿ ನಿಲ್ಲಿಸುವ ಪದ್ಧತಿಯಿಲ್ಲ. ನಮ್ಮ ಭಾನುವಾರದ ಆಟಗಳಲ್ಲಿ ಮಾತ್ರ ಇಂಟರ್ವಲ್ ಇರುತ್ತಿತ್ತು. ಆ ಜಾಗವನ್ನು ಅಂಕಲ್ ತಾವೇ ಆರಿಸುತ್ತಿದ್ದರು, ಹಿಂದಿನ ದಿನ ಮನೆಯಲ್ಲಿ ಚಿತ್ರ ನೋಡಿ. "ಇಂಟರ್ವಲ್ ಹೆಂಗಿರಬೇಕು? ಮಂದಿ ಹೊರಗ ಹೋಗಬೇಕು, ಜೀವ ಒಳಗ ಇರಬೇಕು," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅಬುವೆಲಾರಿಗೆ ಇಂಟರ್ವಲ್ ಇದೆ ಎಂದು ಹೇಳಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಥಿಯೇಟರಿಗೆ ಬಾಗಿಲು ಇರುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ?

ಅವರು ಎದ್ದರು. ಕೈ ಎತ್ತಿದರು. ನಡೆದರು. ನಾನು ಹಿಂದೆಯೇ ಹೋದೆ. ಹೊರಗಿನ ಲಾಬಿಯಲ್ಲಿ ಮೇಜಿನ ಮೇಲೆ ಕೋಡುಬಳೆ, ಚೌ ಚೌ, ದೊಡ್ಡ ಫ್ಲಾಸ್ಕುಗಳು. ಅಬುವೆಲಾ ಮೇಜಿನ ಎದುರು ಬಂದು ನಿಂತರು. ಕೈಗಳು ಇನ್ನೂ ಮೇಲೇ ಇದ್ದವು.

ಕಾಫಿ ಕೊಡುತ್ತಿದ್ದವರು ನಮ್ಮ ಕಾಂಪ್ಲೆಕ್ಸಿನ ಒಬ್ಬ ಆಂಟಿ. ಎದುರಿಗೆ ಎರಡು ಅಂಗೈಗಳನ್ನು ನೋಡಿ ಅವರಿಗೆ ಅರ್ಥವಾದದ್ದು ಒಂದೇ: ಬೇಡ ಅನ್ನುತ್ತಿದ್ದಾರೆ.

"ಬೇಡ ಗೀಡ ಏನಿಲ್ಲ, ಕುಡೀಲೇಬೇಕು," ಎಂದು ಕನ್ನಡದಲ್ಲೇ ಅಂದು ಬಿಸಿ ಕಾಫಿಯ ಲೋಟವನ್ನು ಅಬುವೆಲಾರ ಎತ್ತಿದ ಅಂಗೈಗೇ ಒತ್ತಿದರು. "ನಮ್ಮನೇಲಿ ನೀವು ಬೇಡ ಅನ್ನೋ ಹಾಗಿಲ್ಲ. ಹಿಡ್ಕೊಳಿ ಬೇಗ, ಚೆಲ್ಲತ್ತೆ!"

ಚೆಲ್ಲುತ್ತಿತ್ತು. ಕೈ ಕೆಳಗೆ ಬರಲೇಬೇಕಾಯಿತು. ಮೊದಲು ಒಂದು, ಆಮೇಲೆ ಲೋಟದ ತಳ ಹಿಡಿಯಲು ಇನ್ನೊಂದು. ಅಬುವೆಲಾ ಲೋಟ ನೋಡಿದರು, ಆಂಟಿಯನ್ನು ನೋಡಿದರು. "ಬಿಸಿ ಬಿಸಿ," ಎಂದರು, ಮಕ್ಕಳಿಗೆ ಹೇಳುವ ಹಾಗೆ.

"ಹ್ಞೂಂ ಮತ್ತೆ, ತಣ್ಣಗಿರೋ ಕಾಫಿ ಕೊಡ್ತೀನಾ ನಾನು?" ಎಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ, "ಏನೇ ಇದು, ಇವ್ರ ಮುಖ ಯಾಕೆ ಹಿಂಗಿದೆ? ನೀನ್ಯಾಕೆ ಹಿಂಗಿದೀಯಾ?"

ಅಬುವೆಲಾ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: "ಮುಗಿಯಿತಾ?"

"ಇಲ್ಲ. ಇದು ಇಂಟರ್ವಲ್. ಮಧ್ಯದಲ್ಲಿ ನಿಲ್ಲಿಸುತ್ತೇವೆ. ಮತ್ತೆ ಶುರುವಾಗುತ್ತದೆ."

"ದೀಪ ಹಾಕಿದ್ದು ಯಾರು?"

ಅಷ್ಟರಲ್ಲಿ ಅಂಕಲ್ ಓಡಿ ಬಂದಿದ್ದರು. ಎರಡು ಮಾತಿನಲ್ಲಿ ಅವರಿಗೆ ವಿಷಯ ಹೇಳಿದೆ. ಅವರ ಮುಖ ಇಳಿದುಹೋಯಿತು. ಇಂಗ್ಲಿಷಿನಲ್ಲಿ, "ನಾನೇ," ಎಂದರು.

"ಯಾಕೆ?"

"ಕಾಫಿ ಕುಡಿಯಲಿ ಅಂತ."

ಅಬುವೆಲಾ ಅವರನ್ನೇ ನೋಡಿದರು. "ಕಾಫಿ," ಎಂದರು. ಒಂದು ಗುಟುಕು ಕುಡಿದರು. ನಗುವಿನಂಥದ್ದೇನೋ ಗಂಟಲಲ್ಲಿ ಬಂದು ಹೋಯಿತು. ಅದು ನಗು ಎಂದು ಖಚಿತವಾಗಿ ಹೇಳಲಾರೆ.

ಆಮೇಲೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಒಳಗೆ ಹೋಗುತ್ತೇನೆಂದೂ ಹೇಳಲಿಲ್ಲ, ಮನೆಗೆ ಕರೆದುಕೊಂಡು ಹೋಗು ಎಂದೂ ಹೇಳಲಿಲ್ಲ. ಥಿಯೇಟರಿನ ಮ್ಯಾನೇಜರ್ ಬಂದು, ಇದರ ಹಿಂದೆಯೇ ಬೇರೆ ಶೋ ಇದೆ, ಬೇಗ ಶುರು ಮಾಡಿ ಎಂದ. ಅಂಕಲ್ ಅವನನ್ನು ಹೆಗಲು ಹಿಡಿದು ಪಕ್ಕಕ್ಕೆ ಕರೆದೊಯ್ದು ಏನೇನೋ ಹೇಳಿದರು. ವಾಪಸ್ ಬಂದು ನನಗೆ ಪಿಸುಗುಟ್ಟಿದರು: "ಆಕಿ ಒಳಗ ಬಂದು ಕೂಡೂತನಕ ನಾ ಶುರು ಮಾಡೂದಿಲ್ಲ. ಮಂದಿನೂ ಹೋಗೂದಿಲ್ಲ, ನಾ ನೋಡ್ಕೋತೀನಿ. ನೀ ಏನೂ ಜಬರದಸ್ತಿ ಮಾಡಬ್ಯಾಡ ಮತ್ತ."

ಯಾರೂ ಹೋಗಲಿಲ್ಲ. ಒಬ್ಬೊಬ್ಬರೇ ಒಳಗೆ ಹೋಗಿ ಕೂತರು. ಬಾಗಿಲು ತೆರೆದೇ ಇತ್ತು. ಒಳಗಿಂದ ಮಾತು ಕೇಳುತ್ತಿತ್ತು.

"ಆ ಆಫೀಸರ್ರಿಗೆ ಗೊತ್ತಾಗಿದೆ ಕಣ್ರೀ, ನೋಡಿದ್ ನೋಡಿದ್ರೆ ತಿಳಿಯಲ್ವಾ?"

"ಅವಳು ಸುಮ್ನೆ ರಜಾ ಕೇಳಕ್ಕೆ ಬಂದೆ ಅಂದ್ಬಿಡ್ಬೇಕು."

"ನೀವಾಗಿದ್ರೆ ಅಲ್ಲೇ ಅತ್ತುಬಿಡ್ತಿದ್ರಿ, ಬಿಡಿ."

ಅಬುವೆಲಾ ಕೇಳಿದರು: "ಅವರು ಏನು ಹೇಳುತ್ತಿದ್ದಾರೆ?"

"ಆ ಹುಡುಗಿ ಈಗ ಏನು ಮಾಡಬೇಕು ಅಂತ ಜಗಳವಾಡುತ್ತಿದ್ದಾರೆ."

ಅವರು ಖಾಲಿ ಲೋಟವನ್ನು ಮೇಜಿನ ಮೇಲೆ ಇಟ್ಟರು. "ಬಾ," ಎಂದರು ನನಗೆ.

ಸೆಕೆಂಡ್ ಹಾಫ್‌ನ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಹುಡುಗಿ ನಿಜವಾಗಿಯೂ ರಜಾ ಕೇಳುತ್ತಾಳೆ. ಹಿಂದಿನ ಸಾಲಿನಲ್ಲಿ ಯಾರೋ "ನಾ ಹೇಳಿರಲಿಲ್ಲವಾ!" ಎಂದು ಚಪ್ಪಾಳೆ ತಟ್ಟಿದರು. ರಜಾ ಸಿಗುವುದಿಲ್ಲ. ಅವಳು ಬೋರ್ಡಿನ ಮುಂದೆ ಬಂದು ಕೂರುತ್ತಾಳೆ. ಅಧಿಕಾರಿ ಕಿಟಕಿಯ ಆಚೆ ಕಾರಿಗೆ ಒರಗಿ ನಿಂತಿದ್ದಾನೆ. ಅವಳ ಕೈಯಲ್ಲಿ ಪ್ಲಗ್. ಅಲ್ಲಿಂದ ಮುಂದೆ ಯಾವ ಮಾತೂ ಇಲ್ಲ. ಬೋರ್ಡಿನ ಗುಂಯ್ ಎನ್ನುವ ಸದ್ದು ಮಾತ್ರ.

"ಹಾಕೇ," ಎಂದಿತು ಕತ್ತಲಲ್ಲಿ ಒಂದು ಧ್ವನಿ. ಕಾಫಿ ಆಂಟಿ. "ಹಾಕೇ ಪ್ಲಗ್ಗು, ಏನ್ ನೋಡ್ತಿದೀಯಾ?"

"ಸುಮ್ನಿರ್ರೀ, ಅವನು ನಿಂತಿದಾನಲ್ಲ ಅಲ್ಲಿ!"

"ನಿಂತ್ಕೊಳ್ಲಿ! ಹಾಕಮ್ಮಾ ನೀನು!"

"ನನಗೆ ಹೇಳುತ್ತಿದ್ದಾರಾ?" ಎಂದರು ಅಬುವೆಲಾ.

"ಹೌದು. ಪ್ಲಗ್ ಹಾಕು ಅಂತಿದ್ದಾರೆ."

ತೆರೆಯ ಮೇಲೆ ಹುಡುಗಿ ತಲೆಯೆತ್ತಿ ನೇರ ನಮ್ಮ ಕಡೆ ನೋಡಿದಳು. ಅಲ್ಲಿಯವರೆಗೆ ಅವಳು ಒಮ್ಮೆಯೂ ಕ್ಯಾಮೆರಾ ನೋಡಿರಲಿಲ್ಲ. ಅಂಥ ನೋಟವನ್ನು ನಾನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಅದರಲ್ಲಿ ಭಯ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಒಂದು ಪ್ರಶ್ನೆ ಇತ್ತು.

"ಇದು ನಟನೆಯಲ್ಲ," ಎಂದರು ಅಬುವೆಲಾ ಸಣ್ಣ ಧ್ವನಿಯಲ್ಲಿ. "ಎರಡೂ ಥರ ಮಾಡಿ ಮುಗಿಸಿದ್ದೆ. ಕ್ಯಾಮೆರಾ ನಿಂತಿದೆ ಅಂದುಕೊಂಡಿದ್ದೆ. ಅಣ್ಣನನ್ನು ಕೇಳುತ್ತಿದ್ದೇನೆ, ಇನ್ನೊಂದು ಸಲ ಮಾಡಲಾ ಅಂತ."

ತೆರೆ ಕಪ್ಪಾಯಿತು. ಕಪ್ಪಿನೊಳಗೆ ಒಂದು ಫೋನು ಬಡಿದುಕೊಳ್ಳತೊಡಗಿತು. ಬಡಿದುಕೊಳ್ಳುತ್ತಲೇ ಇತ್ತು. ಆಮೇಲೆ ರಿಸೀವರ್ ಎತ್ತಿದ ಸದ್ದು, ನಿದ್ದೆಗಣ್ಣಿನ ಒಂದು ಮುದಿ ಧ್ವನಿ: "ಹಲೋ?" ಚಿತ್ರ ಅಲ್ಲಿಗೆ ಮುಗಿಯಿತು.

ಅಣ್ಣ ಎರಡರಲ್ಲಿ ಯಾವುದನ್ನೂ ಪೂರ್ತಿ ತೋರಿಸಿರಲಿಲ್ಲ. ತಂಗಿಯ ಮುಖವನ್ನು ಇಟ್ಟಿದ್ದ, ಆಮೇಲೆ ಫೋನು ಬಡಿದುಕೊಳ್ಳುವಂತೆ ಮಾಡಿದ್ದ. ಅವಳೇನು ಮಾಡುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ ಎಂದು ನನಗೆ ಅನ್ನಿಸಿತು. ಅಬುವೆಲಾರಿಗೆ ಏನನ್ನಿಸಿತೆಂದು ನಾನು ಕೇಳಲಿಲ್ಲ. ದೀಪಗಳು ಮತ್ತೆ ಹತ್ತಿದಾಗ ಅವರು ಏಳಲಿಲ್ಲ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕಾಫಿ ಆಂಟಿ ಸೆರಗಿನಿಂದ ಮೂಗು ಒರೆಸುತ್ತ ಬಂದು ಅವರ ಗಲ್ಲ ಹಿಡಿದು, "ಎಷ್ಟ್ ಚೆನ್ನಾಗಿದ್ರಿ ನೀವು! ಈ ಮುಖ ಇಟ್ಕೊಂಡು ನಮ್ಮ ಮಕ್ಕಳ ಮೂಗು ಒರೆಸ್ತಾ ಕೂತಿದ್ರಲ್ಲಾ," ಎಂದರು. ಅದನ್ನು ಅನುವಾದಿಸಿ ಹೇಳಿದೆ. ಈ ಸಲ ಬಂದದ್ದು ನಗುವೇ.

ಕೆಲವು ವರ್ಷಗಳ ಮೇಲೆ ಕೆಲಸ ಬದಲಾಗಿ ನಾವು ಲಾಸ್ ಏಂಜಲೀಸಿನ ಪಕ್ಕದ ರೆಡೊಂಡೊ ಬೀಚಿಗೆ ಬಂದೆವು. 2019ರಲ್ಲಿ ಅಬುವೆಲಾ ಫೋನ್ ಮಾಡಿ, ಅಣ್ಣನ ಮಗಳು ಲಾಸ್ ಏಂಜಲೀಸಿಗೆ ಬರುತ್ತಿದ್ದಾಳೆ, ಅವಳದೇ ಹೊಸ ಚಿತ್ರದ ಜೊತೆ ಹಳೆಯದನ್ನೂ ತೋರಿಸುತ್ತಾರೆ, ಅವರ ದೇಶದವರೆಲ್ಲ ಇರುತ್ತಾರೆ, ಬರುತ್ತೀಯಾ ಎಂದು ಕೇಳಿದರು. ರೈಲಿನಲ್ಲಿ ಬಂದ ಅವರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಡ್ರೈವ್ ಮಾಡಿಕೊಂಡು ಹೋದೆ. ಭಾನುವಾರದ ಅಭ್ಯಾಸದಿಂದ ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡಿದ್ದೆ.

ಹಾಲು ತುಂಬಿತ್ತು. ಬಹಳ ಜನ ವಯಸ್ಸಾದವರು. ಬಸ್ ಕಂಡಕ್ಟರನ ಬೈಗುಳಕ್ಕೆ ಎಲ್ಲರೂ ನಕ್ಕರು. ಆ ನಗು ಹೇಗಿತ್ತೆಂದು ಕೇಳಿ ತಿಳಿದಿದ್ದೆ, ಈಗ ನನ್ನ ಕಿವಿಯಿಂದಲೇ ಕೇಳಿದೆ. ಇಲ್ಲಿ ಇಂಟರ್ವಲ್ ಇರಲಿಲ್ಲ. ಹುಡುಗಿ ಮೇಲಧಿಕಾರಿಯ ಬಾಗಿಲು ತಟ್ಟುವ ಹೊತ್ತಿಗೆ ಅಬುವೆಲಾ ನನ್ನ ಮುಂಗೈ ಮುಟ್ಟಿ ಎದ್ದರು. ಕೈಗಳು ಪಕ್ಕದಲ್ಲೇ ಇದ್ದವು. ನಾವು ಹೊರಗೆ ಬಂದೆವು.

ಲಾಬಿಯಲ್ಲಿ ಅವರಷ್ಟೇ ವಯಸ್ಸಿನ ಒಬ್ಬ ಗಂಡಸು, ಕಂದು ಕೋಟು ಹಾಕಿಕೊಂಡು, ಗೋಡೆಗೆ ಒರಗಿ ನಿಂತಿದ್ದ. ಅವನೂ ಅದೇ ದೃಶ್ಯಕ್ಕೆ ಹೊರಗೆ ಬಂದಿದ್ದ. ಅಬುವೆಲಾರನ್ನು ನೋಡಿ ಸ್ಪ್ಯಾನಿಷಿನಲ್ಲಿ ಏನೋ ಕೇಳಿದ, ಅಬುವೆಲಾ ಹೌದೆಂದು ತಲೆಯಾಡಿಸಿದರು. ಆ ಮನುಷ್ಯ ನೆಲ ನೋಡುತ್ತ ಮತ್ತೇನೋ ಹೇಳಿದ. ಅಬುವೆಲಾ ನನಗೆ ಇಂಗ್ಲಿಷಿನಲ್ಲಿ ಹೇಳಿದರು: "ಆ ಹುಡುಗಿ ನೀವೇ ಅಲ್ಲವಾ ಅಂತ ಕೇಳಿದ. ಅವತ್ತು ಆ ಥಿಯೇಟರಿನಲ್ಲಿ ತಾನೂ ಇದ್ದೆ ಅನ್ನುತ್ತಿದ್ದಾನೆ."

ಒಳಗಿದ್ದನೋ, ಬಾಗಿಲಲ್ಲಿದ್ದನೋ ಅವನು ಹೇಳಲಿಲ್ಲ. ಅಬುವೆಲಾ ಕೇಳಲಿಲ್ಲ. ಅವರು ಅವನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು, ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅವನ ಕಡೆ ಚಾಚಿದರು. ಅವನು ಬೇಡವೆಂದು ಅಂಗೈ ಎತ್ತಿದ. ಅಬುವೆಲಾ ಮುಚ್ಚಳವನ್ನು ಆ ಅಂಗೈಗೇ ಒತ್ತಿದರು.

ಅವನು ಕುಡಿಯುವವರೆಗೂ ನಾವು ಅಲ್ಲೇ ನಿಂತೆವು. ಬಾಗಿಲಿನಾಚೆ ತೆರೆಯ ಮೇಲಿನ ಹುಡುಗಿ ರಜಾ ಕೇಳುತ್ತಿದ್ದಳು. ಅಬುವೆಲಾ ಮುಚ್ಚಳವನ್ನು ವಾಪಸ್ ಪಡೆದು ಫ್ಲಾಸ್ಕಿಗೆ ತಿರುಪಿ, ನನ್ನ ಕೈಗೆ ಕೊಟ್ಟು, ಬಾಗಿಲು ತಳ್ಳಿ ಹಿಡಿದರು. ಅವನು ಮೊದಲು ಒಳಗೆ ಹೋದ, ಆಮೇಲೆ ನಾವು.